ಚಳಿಗಾಲದ ವಾರಾಂತ್ಯಕ್ಕೆ ವಿಟ್ಬಿ: ಕಡಲು, ಹಗಲು, ಬಸ್ಸು ನೋಡಿಕೊಂಡು ಹೊರಡುವ ಕ್ರಮ

ಚಳಿಗಾಲದಲ್ಲಿ ಲೀಡ್ಸ್, ಮ್ಯಾಂಚೆಸ್ಟರ್, ಲಂಡನ್ ಕಡೆಯಿಂದ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವಿಟ್ಬಿಗೆ ಹೋಗಿಬರುವ ನಮ್ಮವರ ದೂರುಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ಶನಿವಾರ ಮಧ್ಯಾಹ್ನ ತಲುಪಿದೆವು, ಚಹಾ ಕುಡಿಯುವಷ್ಟರಲ್ಲಿ ಕತ್ತಲಾಯಿತು. ಮರಳಿನ ಮೇಲೆ ನಡೆಯೋಣವೆಂದು ಇಳಿದರೆ ಮರಳೇ ಕಾಣಲಿಲ್ಲ. ರಾತ್ರಿ ಎಂಟೂವರೆಗೆ ಊಟ ಸಿಗಲಿಲ್ಲ. ಭಾನುವಾರ ಕೊನೆಯ ಬಸ್ಸು ಕೈತಪ್ಪಿತು.

ಇವಕ್ಕೆಲ್ಲ ಕಾರಣ ಒಂದೇ. ನಾವು ಮೊದಲು ಅಗ್ಗದ ಟಿಕೆಟ್ ಹುಡುಕುತ್ತೇವೆ, ಆಮೇಲೆ ಕೋಣೆ ಕಾಯ್ದಿರಿಸುತ್ತೇವೆ, ಕಡಲಿನ ಬಗ್ಗೆ ಯೋಚಿಸುವುದು ಊರು ತಲುಪಿದ ಮೇಲೆ. ವಿಟ್ಬಿಯಲ್ಲಿ ಈ ಕ್ರಮ ನಡೆಯುವುದಿಲ್ಲ. ಅಲ್ಲಿ ದಿನವನ್ನು ನಿರ್ಧರಿಸುವುದು ಉಬ್ಬರ ಮತ್ತು ಸೂರ್ಯಾಸ್ತ. ಉಳಿದುದೆಲ್ಲ ಅವೆರಡರ ಹಿಂದೆ ಬರಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡನ್ನು ಮುಗಿಸುವವರೆಗೆ ಒಂದು ಪೌಂಡನ್ನೂ ಖರ್ಚು ಮಾಡಬೇಡಿ.

ಹಂತ 1: ಟಿಕೆಟ್‌ಗೆ ಮುನ್ನ ತಿಥಿ ನೋಡಿ

ಬೇಕಾದ ಸಾಧನಗಳು: ವಿಟ್ಬಿಯ ಉಬ್ಬರ-ಇಳಿತದ ವೇಳಾಪಟ್ಟಿ, ಸೂರ್ಯೋದಯ-ಸೂರ್ಯಾಸ್ತದ ವೇಳೆ, ಮನೆಯ ಗೋಡೆಯಲ್ಲಿರುವ ಕನ್ನಡ ಕ್ಯಾಲೆಂಡರ್.

ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ವೇಳೆ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಮಲ್ಪೆ, ಪಣಂಬೂರಿನಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ಆದರೆ ಅವರೇ ಇಲ್ಲಿ ಎಡವುವುದು. ಮಂಗಳೂರಿನಲ್ಲಿ ನೀರಿನ ಏರಿಳಿತ ಎರಡು ಮೀಟರಿಗಿಂತ ಕಡಿಮೆ. ವಿಟ್ಬಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಅದು ನಾಲ್ಕೂವರೆ ಮೀಟರಿನಷ್ಟಾಗುತ್ತದೆ. ಬೆಳಿಗ್ಗೆ ಮಕ್ಕಳು ಚೆಂಡಾಡಿದ ಮರಳಿನ ಮೇಲೆ ಸಂಜೆ ಅಲೆಗಳು ಗೋಡೆಗೆ ಅಪ್ಪಳಿಸುತ್ತಿರುತ್ತವೆ.

ಇಲ್ಲೊಂದು ಅನುಕೂಲವಿದೆ, ನಮ್ಮ ಕ್ಯಾಲೆಂಡರ್ ಇರುವವರಿಗೆ ಅದು ಇನ್ನೂ ಸುಲಭ. ಯಾವುದೇ ಒಂದು ಊರಿನಲ್ಲಿ ಹುಣ್ಣಿಮೆ-ಅಮಾವಾಸ್ಯೆಗಳ ದೊಡ್ಡ ಉಬ್ಬರ ಗಡಿಯಾರದ ಸರಿಸುಮಾರು ಅದೇ ವೇಳೆಗೆ ಬರುತ್ತದೆ. ವಿಟ್ಬಿಯಲ್ಲಿ ಅದು ನಾಲ್ಕು-ಐದು ಗಂಟೆಯ ಸುಮಾರು, ಬೆಳಗಿನ ಜಾವವೂ ಸಂಜೆಯೂ. ಹಾಗಾದರೆ ಇಳಿತ ಬೆಳಿಗ್ಗೆ ಹತ್ತು-ಹನ್ನೊಂದರ ಸುಮಾರಿಗೆ. ಅಷ್ಟಮಿಯ ಆಸುಪಾಸಿನಲ್ಲಿ ಇದು ತಿರುವುಮುರುವಾಗುತ್ತದೆ: ಬೆಳಿಗ್ಗೆ ಹತ್ತು-ಹನ್ನೊಂದಕ್ಕೆ ಉಬ್ಬರ, ಸಂಜೆಗೆ ಇಳಿತ.

ಇದರಿಂದ ನಿಮ್ಮ ಶನಿವಾರದ ರೂಪ ತಾನಾಗಿ ಸಿಗುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ವಾರಾಂತ್ಯವಾದರೆ ಬೆಳಿಗ್ಗೆ ಮರಳತೀರ, ಮಧ್ಯಾಹ್ನ ಊರು ಮತ್ತು ಗುಡ್ಡದ ಮೇಲಿನ ಪಾಳುಬಿದ್ದ ಹಳೆಯ ಮಠವಾದ ಆ್ಯಬಿ. ಅಷ್ಟಮಿಯ ವಾರಾಂತ್ಯವಾದರೆ ಬೆಳಿಗ್ಗೆ ಆ್ಯಬಿ, ಊಟದ ನಂತರ ತೀರ. ತಿಥಿಯಿಂದ ಅಂದಾಜು ಮಾತ್ರ ಸಿಗುತ್ತದೆ. ಆ ದಿನದ ನಿಖರ ವೇಳೆಯನ್ನು ವಿಟ್ಬಿಯ ಪಟ್ಟಿಯಲ್ಲೇ ನೋಡಿ ಬರೆದುಕೊಳ್ಳಬೇಕು. ಬೇರೆ ಊರಿನ ಪಟ್ಟಿ ಬೇಡ, ಕಡಲೇ ಒಂದಾದರೂ ವೇಳೆ ಒಂದಲ್ಲ.

ಇನ್ನು ಹಗಲು. ಡಿಸೆಂಬರ್ ಮಧ್ಯದಲ್ಲಿ ವಿಟ್ಬಿಯಲ್ಲಿ ಸೂರ್ಯ ಮೂಡುವುದು ಬೆಳಿಗ್ಗೆ 8.20ರ ಸುಮಾರಿಗೆ, ಮುಳುಗುವುದು ಮಧ್ಯಾಹ್ನ 3.40ರ ಸುಮಾರಿಗೆ. ಮೋಡ ಕವಿದ ದಿನ ಮೂರು ಗಂಟೆಗೇ ಬೆಳಕು ಮಂಕಾಗುತ್ತದೆ. ಜನವರಿ ಮಧ್ಯಕ್ಕೆ ಸೂರ್ಯಾಸ್ತ ನಾಲ್ಕು ಗಂಟೆ ದಾಟುತ್ತದೆ, ಫೆಬ್ರವರಿ ಮಧ್ಯಕ್ಕೆ ಐದರ ಹತ್ತಿರ ಬರುತ್ತದೆ.

ಯಾವ ತಿಂಗಳು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಫೆಬ್ರವರಿಯ ಎರಡನೆಯ ಅರ್ಧ. ಚಳಿ ಡಿಸೆಂಬರಿಗಿಂತ ಕಡಿಮೆಯೇನೂ ಇರುವುದಿಲ್ಲ, ಆದರೆ ಹಗಲು ಎರಡು ಗಂಟೆಗೂ ಹೆಚ್ಚು ಉದ್ದ. ಜನವರಿಯಲ್ಲಿ ಊರಿನ ಅನೇಕ ಸಣ್ಣ ಅಂಗಡಿ, ಹೋಟೆಲು, ವಸತಿಮನೆಗಳವರು ತಾವೇ ರಜೆ ತೆಗೆದುಕೊಂಡು ಬಾಗಿಲು ಹಾಕಿರುತ್ತಾರೆ. ಕ್ರಿಸ್ಮಸ್ ದಿನ ರೈಲು ಓಡುವುದಿಲ್ಲ, ಮರುದಿನ ಬಹುಪಾಲು ಇಲ್ಲ. ಆ ಎರಡು ದಿನಗಳನ್ನು ಪಟ್ಟಿಯಿಂದಲೇ ತೆಗೆಯಿರಿ.

ಹಂತ 2: ಮರಳುವ ದಾರಿಯನ್ನು ಮೊದಲು ಗುರುತು ಹಾಕಿ

ವಿಟ್ಬಿಗೆ ಹೋಗುವುದು ಕಷ್ಟವಲ್ಲ. ಭಾನುವಾರ ಸಂಜೆ ಅಲ್ಲಿಂದ ಹೊರಬೀಳುವುದು ಕಷ್ಟ. ಹಾಗಾಗಿ ಮೊದಲು ಭಾನುವಾರದ ಕೊನೆಯ ಬಸ್ಸು, ಅದಕ್ಕೂ ಹಿಂದಿನ ಬಸ್ಸು ಎಷ್ಟು ಗಂಟೆಗೆ ಎಂದು ನೋಡಿ. ನಿಮ್ಮ ಬಸ್ಸು ಕೊನೆಯದಕ್ಕಿಂತ ಹಿಂದಿನದು. ಕೊನೆಯದನ್ನು ಆಪತ್ತಿಗೆ ಇಟ್ಟುಕೊಳ್ಳಿ. ನೋಡುವಾಗ ಚಳಿಗಾಲದ ವೇಳಾಪಟ್ಟಿಯೇ ತೆರೆದಿದೆಯೇ ಎಂದು ಎರಡು ಸಲ ಖಚಿತಪಡಿಸಿಕೊಳ್ಳಿ. ಬೇಸಿಗೆಯ ಪಟ್ಟಿಯನ್ನು ನಂಬಿ ನಿಲ್ದಾಣದಲ್ಲಿ ನಿಂತವರು ಬಹಳ ಮಂದಿ.

ಮೂರು ದಾರಿಗಳಿವೆ.

ಮೊದಲನೆಯದು ಲೀಡ್ಸ್‌ನಿಂದ ಯಾರ್ಕ್, ಮಾಲ್ಟನ್, ಪಿಕರಿಂಗ್ ಮಾರ್ಗವಾಗಿ ಬರುವ ಕೋಸ್ಟ್‌ಲೈನರ್ 840 ಬಸ್ಸು. ಲಂಡನ್ನಿನವರು ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ವರೆಗೆ ಸುಮಾರು ಎರಡು ಗಂಟೆ ರೈಲಿನಲ್ಲಿ ಬಂದು ಇದನ್ನು ಹಿಡಿಯಬಹುದು. ಯಾರ್ಕ್‌ನಿಂದ ವಿಟ್ಬಿಗೆ ಎರಡು ಗಂಟೆ ದಾಟುತ್ತದೆ. ಇಂಗ್ಲೆಂಡಿನ ಬಸ್ಸುಗಳಲ್ಲಿ ಒಂದು ಸಲದ ಪ್ರಯಾಣಕ್ಕೆ ಗರಿಷ್ಠ 3 ಪೌಂಡ್ ಎಂಬ ಮಿತಿ 2025ರ ಜನವರಿಯಲ್ಲಿ ಜಾರಿಗೆ ಬಂತು. ಹೊರಡುವ ಮುನ್ನ ಅದು ಮುಂದುವರಿದಿದೆಯೇ ನೋಡಿಕೊಳ್ಳಿ. ಈ ಬಸ್ಸು ನಾರ್ತ್ ಯಾರ್ಕ್ ಮೂರ್ಸ್‌ನ ಬಯಲುಗುಡ್ಡಗಳನ್ನು ಹತ್ತಿ ಇಳಿಯುತ್ತದೆ. ಹಿಮ ಬಿದ್ದರೆ ಮೊದಲು ಕಡಿದುಹೋಗುವ ದಾರಿಯೂ ಇದೇ.

ಎರಡನೆಯದು ಮಿಡಲ್ಸ್‌ಬರೋದಿಂದ ಎಸ್ಕ್ ಕಣಿವೆಯ ರೈಲು. ಸುಮಾರು ಒಂದೂವರೆ ಗಂಟೆಯ ಪ್ರಯಾಣ, ನಿಲ್ದಾಣ ಊರಿನ ನಡುವೆಯೇ. ತೊಂದರೆ ಏನೆಂದರೆ ದಿನಕ್ಕೆ ಬೆರಳೆಣಿಕೆಯಷ್ಟೇ ರೈಲುಗಳು. ಒಂದು ತಪ್ಪಿದರೆ ಅರ್ಧ ದಿನವೇ ಹೋದಂತೆ. ಭಾನುವಾರದ ಪಟ್ಟಿಯನ್ನು ಪ್ರತ್ಯೇಕವಾಗಿ ನೋಡಿ, ಶನಿವಾರದಂತೆಯೇ ಇರುತ್ತದೆಂದು ಊಹಿಸಬೇಡಿ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಯಾರ್ಕ್‌ನಿಂದ ಸ್ಕಾರ್ಬರೋಗೆ ರೈಲು, ಅಲ್ಲಿಂದ ಕರಾವಳಿಯ ಕಡೆಯಿಂದ ಎಕ್ಸ್93 ಬಸ್ಸು. ಬಸ್ಸಿಗೆ ಸುಮಾರು ಒಂದು ಗಂಟೆ. ಮೂರ್ಸ್ ಮೇಲೆ ಹಿಮ ಬಿದ್ದ ದಿನ ಈ ದಾರಿ ಉಳಿದಿರುವ ಸಾಧ್ಯತೆ ಹೆಚ್ಚು. ಇದರ ವೇಳೆಗಳನ್ನೂ ಬರೆದು ಚೀಟಿಯಲ್ಲಿ ಇಟ್ಟುಕೊಳ್ಳಿ.

ರೈಲಿನ ಅಗ್ಗದ ಮುಂಗಡ ಟಿಕೆಟ್‌ಗಳು ಸಾಮಾನ್ಯವಾಗಿ 12 ವಾರ ಮೊದಲು ಬಿಡುಗಡೆಯಾಗುತ್ತವೆ. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ವಯಸ್ಸು 25 ದಾಟಿದ್ದರೂ 16-25 ರೈಲ್‌ಕಾರ್ಡ್ ಸಿಗುತ್ತದೆ, ಮೂರನೆಯ ಒಂದು ಭಾಗ ರಿಯಾಯಿತಿ; ಸ್ನಾತಕೋತ್ತರ ಓದಲು ಬಂದ ನಮ್ಮ ಎಷ್ಟೋ ಹುಡುಗರು ಇದು ತಮಗಲ್ಲ ಎಂದುಕೊಂಡಿರುತ್ತಾರೆ. ಮುಂಗಡ ಟಿಕೆಟ್ ನಿಗದಿತ ರೈಲಿಗೆ ಮಾತ್ರ. ಬಸ್ಸು ತಡವಾಗಿ ಅದು ತಪ್ಪಿದರೆ ಹೊಸ ಟಿಕೆಟ್ ಕೊಳ್ಳಬೇಕಾಗಬಹುದು. ಆದ್ದರಿಂದ ಬಸ್ಸು ಯಾರ್ಕ್ ತಲುಪುವ ವೇಳೆಗೂ ರೈಲಿಗೂ ನಡುವೆ ಒಂದೂವರೆ ಗಂಟೆಯಾದರೂ ಬಿಡಿ. ವಾರಾಂತ್ಯದಲ್ಲಿ ಹಳಿ ದುರಸ್ತಿಗೆಂದು ರೈಲಿನ ಬದಲು ಬಸ್ಸು ಓಡಿಸುವುದೂ ಇಲ್ಲಿ ಮಾಮೂಲು, ಅದನ್ನೂ ಮೊದಲೇ ನೋಡಿ.

ಕಾರಿನವರಿಗೆ ಎರಡು ಮಾತು. ಪಿಕರಿಂಗ್‌ನಿಂದ ಬರುವ ಎ169 ರಸ್ತೆಯಲ್ಲಿ ಕತ್ತಲಾದ ಮೇಲೆ ಕಣ್ಣಿಗೆ ಕಾಣದ ತೆಳುಮಂಜುಗಡ್ಡೆಯೂ ಮೈಮೇಲೆ ಬರುವ ಕುರಿಗಳೂ ಇರುತ್ತವೆ. ಆ ಗುಡ್ಡವನ್ನು ಹಗಲಿನಲ್ಲೇ ದಾಟಿ. ಗಾಜು ತೊಳೆಯುವ ದ್ರವ ಚಳಿಗಾಲದ್ದೇ ಇರಲಿ, ನೀರು ಬೆರೆಸಿದ್ದು ಹೆಪ್ಪುಗಟ್ಟುತ್ತದೆ.

ಶುಕ್ರವಾರ ರಜೆ ಸಿಗದ ಲಂಡನ್ನಿನವರಿಗೆ ನನ್ನ ಸ್ಪಷ್ಟ ಸಲಹೆ: ಒಂದೇ ರಾತ್ರಿಗೆಂದು ವಿಟ್ಬಿಗೆ ಹೋಗಬೇಡಿ. ಶುಕ್ರವಾರ ರಾತ್ರಿ ಯಾರ್ಕ್‌ನಲ್ಲಿ ಮಲಗಿ ಶನಿವಾರದ ಮೊದಲ ಬಸ್ಸು ಹಿಡಿಯುವುದಾದರೆ ಸರಿ. ಅದೂ ಆಗದಿದ್ದರೆ ಲಂಡನ್ನಿನಿಂದ ಒಂದು ಗಂಟೆಯಷ್ಟೇ ದೂರದ ಬ್ರೈಟನ್‌ಗೆ ಹೋಗಿ. ವಿಟ್ಬಿಗೆ ಇನ್ನೊಂದು ಚಳಿಗಾಲ ಬರುತ್ತದೆ.

ಹಂತ 3: ಕೋಣೆ — ಮೆಟ್ಟಿಲು, ಬಿಸಿ, ಬೀಗದ ಕೈ

ಎಸ್ಕ್ ನದಿ ಊರನ್ನು ಎರಡಾಗಿ ಸೀಳುತ್ತದೆ. ಪೂರ್ವದ ದಂಡೆಯಲ್ಲಿ ಹಳೆಯ ಊರು, ಅದರ ನೆತ್ತಿಯ ಮೇಲೆ ಸೇಂಟ್ ಮೇರೀಸ್ ಚರ್ಚು ಮತ್ತು ಆ್ಯಬಿಯ ಅವಶೇಷ. ಅಲ್ಲಿಗೆ 199 ಮೆಟ್ಟಿಲು. ಪಶ್ಚಿಮದ ಎತ್ತರದಲ್ಲಿ ಸಾಲುಸಾಲು ವಸತಿಮನೆಗಳು. ನಡುವೆ ತಿರುಗುವ ಸೇತುವೆ.

ನಕ್ಷೆಯಲ್ಲಿ ದೂರ ನೋಡಿ ಕೋಣೆ ಹಿಡಿಯುವುದು ಇಲ್ಲಿನ ಸಾಮಾನ್ಯ ತಪ್ಪು. ನಿಲ್ದಾಣದಿಂದ ಅರ್ಧ ಕಿಲೋಮೀಟರ್ ಎಂದು ತೋರಿಸುವ ಮನೆ ಕಡಿದಾದ ಏರಿನ ಮೇಲೆ, ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲದೆ ಇರಬಹುದು. ಊರಿನಿಂದ ವಯಸ್ಸಾದ ಅಪ್ಪ-ಅಮ್ಮ ಬಂದಿದ್ದಾಗ ಕರೆದೊಯ್ಯುವವರು ಇದನ್ನು ಕೇಳಿಯೇ ಕಾಯ್ದಿರಿಸಿ. ಅವರಿಗೆ ನಿಲ್ದಾಣದ ಸಮೀಪದ ಸಮತಟ್ಟಾದ ಬೀದಿಗಳೇ ಉತ್ತಮ. ತೀರದಿಂದ ಪಶ್ಚಿಮದ ಎತ್ತರಕ್ಕೆ ಒಯ್ಯುತ್ತಿದ್ದ ಹಳೆಯ ಲಿಫ್ಟ್ 2022ರಲ್ಲಿ ಮುಚ್ಚಿತು. ಹಳೆಯ ನಕ್ಷೆಗಳಲ್ಲಿ ಅದು ಇನ್ನೂ ಇದ್ದೀತು, ಅದನ್ನು ನೆಚ್ಚಿ ಯೋಜನೆ ಹಾಕಬೇಡಿ.

ಕಾಯ್ದಿರಿಸುವ ಮುನ್ನ ಫೋನಿನಲ್ಲೇ ಕೇಳಬೇಕಾದ ಪ್ರಶ್ನೆಗಳು ಹೀಗಿವೆ. ಹೀಟರನ್ನು ನಾವೇ ಹಚ್ಚಬಹುದೇ, ಅಥವಾ ಮನೆಯವರು ಗೊತ್ತುಮಾಡಿದ ಹೊತ್ತಿಗೆ ಮಾತ್ರ ಉರಿಯುತ್ತದೆಯೇ? ಒದ್ದೆ ಬಟ್ಟೆ ಒಣಗಿಸಲು ಜಾಗವಿದೆಯೇ? ಕೋಣೆ ಸಿಗುವುದು ಎಷ್ಟು ಗಂಟೆಗೆ, ಅದಕ್ಕೆ ಮೊದಲು ಚೀಲ ಇಟ್ಟುಹೋಗಬಹುದೇ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಹೆಚ್ಚಿನ ಕಡೆ ಕೋಣೆ ಕೊಡುವುದು ಮಧ್ಯಾಹ್ನ ಮೂರರ ನಂತರ. ಚೀಲಕ್ಕಾಗಿ ಕಾದು ಕುಳಿತರೆ ಹಗಲು ಅಲ್ಲಿಗೇ ಮುಗಿಯುತ್ತದೆ. ಚಿಕ್ಕ ವಸತಿಮನೆಗಳಲ್ಲಿ ಸಂಜೆ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಬೀಗದ ಕೈ ಗೋಡೆಯ ಪೆಟ್ಟಿಗೆಯಲ್ಲಿರುತ್ತದೆ, ಅದನ್ನು ತೆರೆಯುವ ಸಂಖ್ಯೆಯನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಶನಿವಾರ ಮಾತ್ರ ಕೋಣೆ ಕೊಡದೆ ಎರಡು ರಾತ್ರಿ ಕಡ್ಡಾಯ ಮಾಡುವವರೂ ಇದ್ದಾರೆ. ಶುಕ್ರವಾರ-ಶನಿವಾರ ಎರಡೂ ರಾತ್ರಿ ಉಳಿಯುವುದು ಹೇಗೂ ಒಳ್ಳೆಯದೇ, ಒಂದು ಪೂರ್ತಿ ಹಗಲು ಕೈಗೆ ಸಿಗುವುದು ಆಗ ಮಾತ್ರ.

ಹಂತ 4: ಚೀಲಕ್ಕೆ ಏನು, ಯಾವ ಕ್ರಮದಲ್ಲಿ

ವಿಟ್ಬಿಯ ಚಳಿ ಉಷ್ಣಾಂಶದ ಅಂಕಿಯಲ್ಲಿ ಕಾಣುವುದಿಲ್ಲ. ಮೊಬೈಲು ಐದು ಡಿಗ್ರಿ ಎನ್ನುತ್ತದೆ, ಪಿಯರ್ (ಕಡಲಿಗೆ ಚಾಚಿದ ಕಲ್ಲುಕಟ್ಟೆ) ಮೇಲೆ ನಿಂತವನ ಕಿವಿಗೆ ಅದು ಶೂನ್ಯಕ್ಕಿಂತ ಕೆಳಗೆ. ಬಂದರಿನ ಬಾಯಿ ಉತ್ತರಕ್ಕೆ ತೆರೆದುಕೊಂಡಿದೆ, ಉತ್ತರ ಸಮುದ್ರದ ಗಾಳಿಗೆ ತಡೆಯೇ ಇಲ್ಲ.

ಮೈಗೆ ಅಂಟುವ ಉಣ್ಣೆಯ ಅಥವಾ ಥರ್ಮಲ್ ಒಳಉಡುಪು, ಅದರ ಮೇಲೆ ಸ್ವೆಟರ್, ಎಲ್ಲಕ್ಕೂ ಹೊರಗೆ ನೀರು-ಗಾಳಿ ಎರಡನ್ನೂ ತಡೆಯುವ ಟೋಪಿಯುಳ್ಳ ಜಾಕೆಟ್. ಜೀನ್ಸ್ ಬೇಡ: ಒಮ್ಮೆ ನೆನೆದರೆ ಮರುದಿನದವರೆಗೂ ಒಣಗುವುದಿಲ್ಲ. ಕೊಡೆಯನ್ನು ಮನೆಯಲ್ಲೇ ಬಿಡಿ, ಈ ಗಾಳಿಯಲ್ಲಿ ಅದು ಐದು ನಿಮಿಷ ಬಾಳುವುದಿಲ್ಲ. ಕಿವಿ ಮುಚ್ಚುವ ಉಣ್ಣೆಟೋಪಿ, ಕೈಗವಸು, ಎರಡು ಜೊತೆ ಹೆಚ್ಚುವರಿ ಕಾಲುಚೀಲ. ಹಳೆಯ ಊರಿನ ಚಪ್ಪಡಿಕಲ್ಲುಗಳೂ 199 ಮೆಟ್ಟಿಲುಗಳೂ ಸವೆದು ನುಣುಪಾಗಿವೆ, ಮಳೆಯಲ್ಲಿ ಜಾರುತ್ತವೆ. ಹಿಡಿತವಿರುವ ಅಡಿಯ ಬೂಟು ಬೇಕೇ ಬೇಕು. ಸೀರೆ ಉಡುವ ಅಮ್ಮಂದಿರಿಗೆ ಈ ಎರಡು ದಿನ ಥರ್ಮಲ್ ಮೇಲೆ ಚೂಡಿದಾರ, ಅದರ ಮೇಲೆ ಉದ್ದನೆಯ ಕೋಟು ಎಂದು ಮೊದಲೇ ಒಪ್ಪಿಸಿ. ಆ ಮೆಟ್ಟಿಲುಗಳ ಮೇಲೆ ಗಾಳಿ ಸೆರಗನ್ನೂ ನೆರಿಗೆಯನ್ನೂ ಬಿಡುವುದಿಲ್ಲ.

ಇದಲ್ಲದೆ ತಲೆಗೆ ಕಟ್ಟುವ ಸಣ್ಣ ಟಾರ್ಚ್, ಪವರ್ ಬ್ಯಾಂಕ್, ಥರ್ಮಾಸ್ ಫ್ಲಾಸ್ಕ್, ಉಬ್ಬರದ ವೇಳೆ ಮತ್ತು ಬಸ್ಸಿನ ವೇಳೆ ಬರೆದ ಚೀಟಿ.

ಹಂತ 5: ಶನಿವಾರದ ನಡಿಗೆ

ಬೆಳಗ್ಗೆ ಏಳುವುದು ಇಲ್ಲಿ ಕಷ್ಟವಿಲ್ಲ, ಸೂರ್ಯನೇ ಎಂಟರ ಮೇಲೆ ಬರುತ್ತಾನೆ. ಆದರೆ ಅವನನ್ನು ಎಲ್ಲಿ ನೋಡಬೇಕೆಂಬುದರಲ್ಲಿ ಬಹುತೇಕರು ತಪ್ಪುತ್ತಾರೆ. ವಿಟ್ಬಿಯ ಕಡಲು ಉತ್ತರ-ಈಶಾನ್ಯಕ್ಕಿದೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಮೂಡಿ ನೈಋತ್ಯದಲ್ಲಿ ಮುಳುಗುತ್ತಾನೆ. ಎರಡೂ ನೆಲದ ಕಡೆ. ಪಣಂಬೂರಿನ ಹಾಗೆ ನೀರಿನೊಳಗೆ ಇಳಿಯುವ ಸೂರ್ಯನನ್ನು ಕಾಯುತ್ತ ಪಿಯರ್ ತುದಿಯಲ್ಲಿ ನಡುಗಬೇಡಿ. ಬದಲಿಗೆ ಬೆಳಿಗ್ಗೆ ಎಂಟಕ್ಕೆ ಪಶ್ಚಿಮದ ಎತ್ತರದ ಮೇಲೆ, ತಿಮಿಂಗಿಲದ ದವಡೆಮೂಳೆಯ ಕಮಾನಿನ ಹತ್ತಿರ ನಿಂತುಕೊಳ್ಳಿ. ಬಂದರಿನಾಚೆಯ ದಂಡೆಯ ಮೇಲಿಂದ, ಆ್ಯಬಿಯ ಬಲಗಡೆಗೆ ಬೆಳಕು ಒಡೆಯುತ್ತದೆ. ಫೆಬ್ರವರಿ ಕೊನೆಗೆ ಸೂರ್ಯ ಆ್ಯಬಿಗೆ ಇನ್ನೂ ಹತ್ತಿರ ಸರಿದಿರುತ್ತಾನೆ.

ಮರಳಿನ ನಡಿಗೆ. ಪಶ್ಚಿಮದ ತೀರದಿಂದ ಸ್ಯಾಂಡ್ಸೆಂಡ್ ಎಂಬ ಹಳ್ಳಿಯವರೆಗೆ ಸುಮಾರು ನಾಲ್ಕು-ಐದು ಕಿಲೋಮೀಟರ್, ನಿಧಾನವಾಗಿ ಒಂದೂವರೆ ಗಂಟೆ. ಉಬ್ಬರದಲ್ಲಿ ನೀರು ಬಂಡೆಗೋಡೆಯ ಬುಡ ಮುಟ್ಟುತ್ತದೆ, ನಡುವೆ ಮೇಲೇರಲು ದಾರಿಗಳು ಕಡಿಮೆ. ನಿಯಮ ಸರಳ: ಇಳಿತದ ವೇಳೆಗೆ ಎರಡು ಗಂಟೆ ಮುಂಚೆ ಹೊರಡಿ, ಇಳಿತದ ವೇಳೆಯೊಳಗೆ ಸ್ಯಾಂಡ್ಸೆಂಡ್ ಸೇರಿ. ಆಗ ನೀರು ನಿಮ್ಮಿಂದ ದೂರ ಸರಿಯುತ್ತಿರುತ್ತದೆ, ಎಡವಿದರೂ ಸಮಯ ಕೈಯಲ್ಲಿರುತ್ತದೆ. ಸೂರ್ಯಾಸ್ತದ ನಂತರ ಇಳಿತವಿರುವ ದಿನ ಅಷ್ಟು ಹೊತ್ತು ಕಾಯಬಾರದು. ಬೆಳಕಿರುವಾಗಲೇ, ನೀರು ಇಳಿದಷ್ಟು ದೂರ ಹೋಗಿ ಮರಳಿ. ವಾಪಸಾಗಲು ಅದೇ ಮರಳಿನ ಮೇಲೆ ನಡೆಯಬೇಡಿ. ಸ್ಯಾಂಡ್ಸೆಂಡ್‌ನಿಂದ ವಿಟ್ಬಿಗೆ ಎಕ್ಸ್4 ಬಸ್ಸು ಇದೆ; ಅದರ ವೇಳೆಯೂ ನಿಮ್ಮ ಚೀಟಿಯಲ್ಲಿರಬೇಕು.

ಬಂಡೆಗೋಡೆಯ ಬುಡದಿಂದ ಸದಾ ದೂರವಿರಿ. ಇದು ಗಟ್ಟಿಕಲ್ಲಲ್ಲ, ಜೇಡಿಮಣ್ಣೂ ಪದರಗಲ್ಲೂ ಕೂಡಿದ್ದು; ಮಳೆ ಅಥವಾ ಹಿಮದ ನಂತರ ತುಂಡುತುಂಡಾಗಿ ಜಾರುತ್ತದೆ. ಸುರುಳಿಯಾಕಾರದ ಅಮೋನೈಟ್ ಪಳೆಯುಳಿಕೆಗಳನ್ನು ತೀರದಲ್ಲಿ ಬಿದ್ದ ಕಲ್ಲುಗಳ ನಡುವೆ ಹುಡುಕಿ, ಗೋಡೆಯನ್ನು ಕೆದಕಬೇಡಿ. ನಮ್ಮ ಮನೆಗಳಲ್ಲಿ ಪೂಜಿಸುವ ಗಂಡಕಿಯ ಸಾಲಿಗ್ರಾಮಗಳಲ್ಲಿರುವುದೂ ಇದೇ ಜಾತಿಯ ಜೀವಿಯ ಗುರುತು. ಅಮ್ಮ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರೆ ಅಚ್ಚರಿಪಡಬೇಡಿ.

ಒಂದು ದಾರಿಯನ್ನು ಮಾತ್ರ ಚಳಿಗಾಲದಲ್ಲಿ ಪೂರ್ತಿ ಬಿಟ್ಟುಬಿಡಿ: ಪೂರ್ವದ ದಂಡೆಯ ಕೆಳಗೆ ತೀರದಗುಂಟ ಸಾಲ್ಟ್‌ವಿಕ್ ಕೊಲ್ಲಿಯ ಕಡೆಗೆ ಹೋಗುವುದು. ಫೋಟೋಗಳಲ್ಲಿ ಹತ್ತಿರವಾಗಿ ಕಾಣುತ್ತದೆ. ಕಾಲಿಗೆ ಸಿಗುವುದು ಪಾಚಿಗಟ್ಟಿದ ಬಂಡೆ, ತಲೆಯ ಮೇಲೆ ಉದುರುವ ಗೋಡೆ, ಹಿಂದಿನಿಂದ ಏರುವ ನೀರು. ಲೈಫ್‌ಬೋಟಿನವರು ಹೋಗಿ ಜನರನ್ನು ಬಿಡಿಸಿ ತರಬೇಕಾಗುವ ಜಾಗ ಇದು.

ಆ್ಯಬಿ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುವ ಈ ಜಾಗ ಚಳಿಗಾಲದಲ್ಲಿ ಎಲ್ಲ ದಿನವೂ ತೆರೆದಿರುವುದಿಲ್ಲ, ಸಂಜೆ ಬೇಗ ಮುಚ್ಚುತ್ತದೆ, ಬಿರುಗಾಳಿಯಿದ್ದರೆ ಬಾಗಿಲನ್ನೇ ತೆಗೆಯದಿರಬಹುದು. ಅವತ್ತಿನ ಬೆಳಿಗ್ಗೆಯೇ ನೋಡಿಕೊಂಡು ಹೊರಡಿ. ಮಧ್ಯಾಹ್ನದ ಪಾಳಿಯಾದರೆ ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲು ಮೆಟ್ಟಿಲು ಹತ್ತಲು ಶುರುಮಾಡಿ. ನಡುನಡುವೆ ಅಗಲವಾದ ತಂಗುಮೆಟ್ಟಿಲುಗಳಿವೆ, ಅಲ್ಲಿ ನಿಂತು ಉಸಿರು ತೆಗೆದುಕೊಳ್ಳಿ. ನೈಋತ್ಯದ ಇಳಿಬಿಸಿಲು ಆ ಕಮಾನುಗಳ ಮೇಲೆ ನೇರವಾಗಿ ಬೀಳುವ ಹೊತ್ತು ಅದು, ಇಡೀ ಪ್ರವಾಸದಲ್ಲಿ ನನಗೆ ಅತಿ ಪ್ರಿಯವಾದುದು. ಇಳಿಯುವಾಗ ಕಂಬಿ ಹಿಡಿದೇ ಇಳಿಯಿರಿ, ಬೀಳುವವರೆಲ್ಲ ಇಳಿಯುವಾಗಲೇ ಬೀಳುತ್ತಾರೆ.

ಕತ್ತಲಾದ ಮೇಲೆ ಚರ್ಚ್ ಸ್ಟ್ರೀಟಿನ ಅಂಗಡಿಗಳು. ವಿಟ್ಬಿಯ ಕಪ್ಪು ಜೆಟ್ ಆಭರಣ ಕೊಳ್ಳುವುದಾದರೆ ಅದು ಸ್ಥಳೀಯ ಜೆಟ್ ಹೌದೇ ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳಿ. ಇದು ಕೋಟ್ಯಂತರ ವರ್ಷ ಹಳೆಯ ಮರ, ಕೈಗೆ ಹಗುರ, ತಟ್ಟನೆ ತಣ್ಣಗೆನಿಸುವುದಿಲ್ಲ. ಕಪ್ಪು ಗಾಜಾದರೆ ಭಾರ ಮತ್ತು ತಂಪು. ಅಂಗಡಿಗಳು ಐದಕ್ಕೇ ಮುಚ್ಚತೊಡಗುತ್ತವೆ. ಬಂದರಿನಲ್ಲಿ ನೀರು ತುಂಬಿರುವ ಹೊತ್ತಿನಲ್ಲಿ ದೋಣಿಗಳಿಗೆಂದು ಸೇತುವೆ ತಿರುಗಿದರೆ ಈಚೆಯವರು ಈಚೆಗೇ ಕಾಯಬೇಕು.

ಹಂತ 6: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಇದನ್ನು ಎಲ್ಲರೂ ಓದಿ. ಯಾರ್ಕ್‌ಶೈರಿನ ಎಷ್ಟೋ ಮೀನು-ಚಿಪ್ಸ್ ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಆಲೂಗಡ್ಡೆ ಚಿಪ್ಸ್ ತಾನೇ, ಶುದ್ಧ ಸಸ್ಯಾಹಾರ ಎಂದುಕೊಂಡು ತಿಂದು ಆಮೇಲೆ ತಿಳಿದು ಮನಸ್ಸು ಕೆಡಿಸಿಕೊಂಡವರು ಇದ್ದಾರೆ. ಮೀನು ತಿನ್ನುವ, ದನದ ಮಾಂಸ ತಿನ್ನದ ಕರಾವಳಿಯವರಿಗೂ ಇದೇ ಎಚ್ಚರಿಕೆ. ಸಸ್ಯಾಹಾರ ಇದೆಯೇ ಎಂದು ಕೇಳಿದರೆ ಸಾಲದು. ಯಾವ ಎಣ್ಣೆಯಲ್ಲಿ ಕರಿಯುತ್ತೀರಿ, ಬೀಫ್ ಡ್ರಿಪ್ಪಿಂಗ್ ಬಳಸುತ್ತೀರಾ ಎಂದೇ ಕೇಳಿ. ಯಾರೂ ಬೇಸರಿಸುವುದಿಲ್ಲ. ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುವವರೂ ಸಿಗುತ್ತಾರೆ, ಪ್ರತ್ಯೇಕ ಬಾಣಲೆ ಇಟ್ಟವರೂ ಇರುತ್ತಾರೆ.

ಸಮಯದ ಲೆಕ್ಕ ಇನ್ನೊಂದು. ಚಳಿಗಾಲದಲ್ಲಿ ಅಡುಗೆಮನೆಗಳು ಬೇಗ ಒಲೆ ಆರಿಸುತ್ತವೆ. ಬೆಂಗಳೂರಿನ ರೂಢಿಯಂತೆ ಒಂಬತ್ತಕ್ಕೆ ಊಟಕ್ಕೆ ಹೊರಟರೆ ಖಾಲಿ ಬೀದಿ ಸಿಗುತ್ತದೆ. ಶನಿವಾರ ರಾತ್ರಿಯ ಊಟಕ್ಕೆ ಆರೂವರೆಯ ಮೇಜನ್ನು ವಾರದ ಮೊದಲೇ ಕಾಯ್ದಿರಿಸಿ. ಭಾನುವಾರದ ಊಟವನ್ನು ಮಧ್ಯಾಹ್ನವೇ ಮುಗಿಸಿ.

ಬೆಳಗಿನ ಉಪಾಹಾರ ಕೊಡುವ ಮನೆಯಾದರೆ ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇವೆ ಅಥವಾ ಇಲ್ಲ ಎಂಬುದನ್ನು ಕಾಯ್ದಿರಿಸುವಾಗಲೇ ತಿಳಿಸಿ. ಬಿಸಿನೀರಿನ ಕೆಟಲ್ ಹೆಚ್ಚುಕಡಿಮೆ ಎಲ್ಲ ಕೋಣೆಗಳಲ್ಲೂ ಇರುತ್ತದೆ: ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು ಅಥವಾ ಅವಲಕ್ಕಿಯ ಪೊಟ್ಟಣ, ಚಟ್ನಿಪುಡಿಯ ಡಬ್ಬಿ ಇದ್ದರೆ ಒಂದು ರಾತ್ರಿ ಪಾರಾಗಬಹುದು. ಎಲೆಕ್ಟ್ರಿಕ್ ಒಲೆ ತಂದು ಒಗ್ಗರಣೆ ಹಾಕಬೇಡಿ. ಹೊಗೆಯ ಅಲಾರಂ ಕೂಗಿ ಇಡೀ ಮನೆಯವರನ್ನು ಚಳಿಯಲ್ಲಿ ಬೀದಿಗಿಳಿಸುತ್ತದೆ. ರೈಲುನಿಲ್ದಾಣದ ಪಕ್ಕದಲ್ಲೇ ಸೂಪರ್‌ಮಾರ್ಕೆಟ್ ಇದೆ; ಹಾಲು, ಹಣ್ಣು, ಬ್ರೆಡ್ ಅಲ್ಲಿ ಸಿಗುತ್ತವೆ.

ಮೀನು ಇಷ್ಟವಿರುವವರಿಗೆ: ಹೆನ್ರಿಯೆಟ್ಟಾ ಸ್ಟ್ರೀಟಿನ ಫಾರ್ಚೂನ್ಸ್‌ನಲ್ಲಿ 1872ರಿಂದ ಹೆರಿಂಗ್ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ. ಕೊಂಡರೆ ಗಾಳಿಯಾಡದ ಡಬ್ಬಿಯಲ್ಲೇ ಒಯ್ಯಿರಿ, ಬಸ್ಸಿನ ಸಹಪ್ರಯಾಣಿಕರ ಮೇಲೆ ಕರುಣೆ ಇರಲಿ.

ಹಂತ 7: ತಿರುಗಿ ಬರಬೇಕಾದ ಸೂಚನೆಗಳು

ಪಿಯರ್ ಮೇಲಿನ ಕಲ್ಲುಹಾಸು ಮಳೆಯಿಲ್ಲದೆ ಒದ್ದೆಯಾಗಿದ್ದರೆ ಅಲೆ ಅದರ ಮೇಲೆ ಹಾರಿಹೋಗಿದೆ ಎಂದರ್ಥ. ಮುಂದೆ ಕಾಲಿಡಬೇಡಿ. ಉತ್ತರದ ಅಥವಾ ಈಶಾನ್ಯದ ಗಾಳಿ ಜೋರಾಗಿರುವ ದಿನ, ಅದರಲ್ಲೂ ಉಬ್ಬರದ ಹಿಂದುಮುಂದಿನ ಎರಡು ಗಂಟೆ, ಪಿಯರ್ ತುದಿಯ ಕಡೆಗೆ ಹೋಗಲೇಬಾರದು. ಹತ್ತು ಸಣ್ಣ ಅಲೆಗಳ ನಂತರ ಬರುವ ಒಂದು ದೊಡ್ಡದು ಸಾಕು.

ಮರಳಿನ ಮೇಲೆ ನಡೆಯುವಾಗ ನಿಮ್ಮ ಹೆಜ್ಜೆಗುರುತುಗಳತ್ತ ಹಿಂತಿರುಗಿ ನೋಡುತ್ತಿರಿ. ಅವನ್ನು ನೀರು ಮುಟ್ಟತೊಡಗಿದ್ದರೆ, ಅಥವಾ ಮುಂದಿನ ಚಾಚಿನ ಬಳಿ ಒಣಮರಳು ಹತ್ತು ಹೆಜ್ಜೆಗಿಂತ ಕಿರಿದಾಗಿದ್ದರೆ, ದಾಟಿಬಿಡೋಣ ಎನ್ನುವ ಆಸೆ ಬೇಡ. ಹತ್ತಿರದ ಮೇಲೇರುವ ದಾರಿ ಹಿಡಿಯಿರಿ. ಗೋಡೆಯಿಂದ ಸಣ್ಣ ಕಲ್ಲುಗಳು ಉದುರುವ ಸದ್ದು ಕೇಳಿದರೆ ಓಡುವುದು ನೀರಿನ ಕಡೆಗೆ, ಗೋಡೆಯ ಕಡೆಗಲ್ಲ.

ನೀರಿಗೆ ಇಳಿಯಬೇಡಿ, ಮೊಣಕಾಲಿನವರೆಗೂ ಬೇಡ. ಫೆಬ್ರವರಿಯಲ್ಲಿ ಇಲ್ಲಿನ ಕಡಲು ಐದಾರು ಡಿಗ್ರಿ ಇರುತ್ತದೆ. ಅಂಥ ನೀರಿಗೆ ಬಿದ್ದ ತಕ್ಷಣ ಮೈ ಬೆಚ್ಚಿ ಉಸಿರು ತಾನಾಗಿ ಒಳಗೆಳೆಯುತ್ತದೆ, ಈಜು ಬಲ್ಲವರೂ ಆಗಲೇ ನೀರು ಕುಡಿಯುವುದು. ಅಕಸ್ಮಾತ್ ಬಿದ್ದರೆ ಕೈಕಾಲು ಬಡಿಯದೆ ಬೆನ್ನ ಮೇಲೆ ಮಲಗಿ, ಕಿವಿ ನೀರಿನಲ್ಲಿ, ಮುಖ ಮೇಲೆ. ಉಸಿರು ಹಿಡಿತಕ್ಕೆ ಬಂದ ಮೇಲೆ ಕೂಗಿ. ತೀರದ ಲೈಫ್‌ಗಾರ್ಡ್‌ಗಳು ಚಳಿಗಾಲದಲ್ಲಿ ಇರುವುದಿಲ್ಲ. ಬಿದ್ದವರನ್ನು ಹಿಡಿಯಲು ನೀವೂ ಹಾರಬೇಡಿ. 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಿ. ಪೊಲೀಸ್, ಆಂಬುಲೆನ್ಸ್ ಎಂದು ಕೇಳಿದರೆ ಹೊತ್ತು ವ್ಯರ್ಥವಾಗುತ್ತದೆ.

ಕಾಲು ಉಳುಕಿದಂಥ ಸಣ್ಣ ಪೆಟ್ಟಿಗೆ ವಿಟ್ಬಿಯ ಆಸ್ಪತ್ರೆಯಲ್ಲಿ ತುರ್ತು ಉಪಚಾರ ಕೇಂದ್ರವಿದೆ. ಹೋಗುವ ಮುನ್ನ ಆರೋಗ್ಯ ಸಲಹೆಯ 111 ಸಂಖ್ಯೆಗೆ ಕರೆಮಾಡಿ. ದೊಡ್ಡ ತುರ್ತು ವಿಭಾಗಗಳಿರುವುದು ಸ್ಕಾರ್ಬರೋ ಮತ್ತು ಮಿಡಲ್ಸ್‌ಬರೋದಲ್ಲಿ, ಎರಡೂ ಹತ್ತಿರವಿಲ್ಲ. ನಿತ್ಯದ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ತನ್ನಿ, ಹಿಮ ಬಿದ್ದು ಸೋಮವಾರವೂ ಅಲ್ಲೇ ಉಳಿಯಬೇಕಾಗಬಹುದು.

ಹಂತ 8: ಭಾನುವಾರ

ಭಾನುವಾರಕ್ಕೆ ಹೊಸ ಊರು ಸೇರಿಸಬೇಡಿ. ರಾಬಿನ್ ಹುಡ್ಸ್ ಬೇವರೆಗೆ ಬಂಡೆಯ ಮೇಲಿನ ಕಾಲುದಾರಿಯಲ್ಲಿ ನಡೆಯುವ ಆಸೆ ಅನೇಕರಿಗೆ. ಹತ್ತು ಕಿಲೋಮೀಟರಿಗೂ ಮಿಕ್ಕಿದ ಕೆಸರುದಾರಿ ಅದು, ಒಂದು ಪಕ್ಕ ಬೇಲಿ, ಇನ್ನೊಂದು ಪಕ್ಕ ಪ್ರಪಾತ. ಕಡಿಮೆ ಹಗಲಿನ ದಿನ, ಬಸ್ಸು ಹಿಡಿಯುವ ಅವಸರದಲ್ಲಿ ಆ ನಡಿಗೆ ಸಲ್ಲದು. ನೋಡಲೇಬೇಕೆಂದಿದ್ದರೆ ಎಕ್ಸ್93 ಬಸ್ಸಿನಲ್ಲಿ ಹೋಗಿ, ಕಡಿದಾದ ಇಳಿಜಾರಿನಲ್ಲಿ ಕೆಳಗಿನವರೆಗೆ ನಡೆದು, ಮುಂದಿನ ಬಸ್ಸಿಗೆ ಮರಳಿ.

ಬೆಳಿಗ್ಗೆ ಎದ್ದ ಕೂಡಲೇ ಮಾಡಬೇಕಾದದ್ದು ಮೂರು ಕೆಲಸ: ಮೂರ್ಸ್ ಮೇಲಿನ ರಸ್ತೆಯ ಸ್ಥಿತಿ, ನಿಮ್ಮ ಬಸ್ಸು ಓಡುತ್ತಿದೆಯೇ ಎಂಬುದು, ಮುಂದಿನ ರೈಲಿನ ಸ್ಥಿತಿ. ಹವಾಮಾನ ಇಲಾಖೆಯಿಂದ ಹಿಮದ ಹಳದಿ ಎಚ್ಚರಿಕೆ ಬಂದಿದ್ದರೆ ಮಧ್ಯಾಹ್ನದ ಯೋಜನೆ ಬಿಟ್ಟು ಬೆಳಗಿನ ಬಸ್ಸನ್ನೇ ಹತ್ತಿ. ಕೋಣೆ ಖಾಲಿಮಾಡುವಾಗ ಚಾರ್ಜರ್, ಹೀಟರ್ ಮೇಲೆ ಒಣಗಲು ಹಾಕಿದ ಕಾಲುಚೀಲ, ಕೆಟಲ್ ಪಕ್ಕದ ಚಟ್ನಿಪುಡಿ ಡಬ್ಬಿ ನೋಡಿಕೊಳ್ಳಿ. ನಿಲ್ದಾಣಕ್ಕೆ ಇಪ್ಪತ್ತು ನಿಮಿಷ ಮೊದಲೇ ಹೋಗಿ. ಚಳಿಗಾಲದ ಭಾನುವಾರ ಎರಡು ಬಸ್ಸಿನ ಜನ ಒಂದೇ ಬಸ್ಸಿಗೆ ನಿಲ್ಲುತ್ತಾರೆ, ಸಾಲಿನ ಕೊನೆಯವರಿಗೆ ಚಾಲಕ ಕೈಯಾಡಿಸಿ ಹೋಗುವುದುಂಟು. ಹಾಗಾದರೆ ಅಲ್ಲೇ ಕಾಯುತ್ತ ನಿಲ್ಲಬೇಡಿ, ಚೀಟಿ ತೆಗೆದು ಸ್ಕಾರ್ಬರೋ ಕಡೆಯ ಎಕ್ಸ್93ರ ವೇಳೆ ನೋಡಿ.